ಕರೆಯುವ ಮೊದಲೇ ಬಂದ ‘ಓ’

ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನೆನಪು ಘಟನೆಗಳನ್ನು ತನಗೆ ಬೇಕಾದಂತೆ ಹಿಂದುಮುಂದು ಮಾಡುತ್ತದೆ ಎಂಬುದು ದಿನಚರಿ ಬರೆಯುವ ನನಗೆ ಚೆನ್ನಾಗಿ ಗೊತ್ತು.

ಕೆಲವು ವರ್ಷಗಳ ಹಿಂದೆ ಬೆಳಗಾವಿಯಿಂದ ಖಾನಾಪುರದ ಕಡೆ ಆಗಾಗ ಹೋಗುತ್ತಿದ್ದೆ. ಕಿತ್ತೂರು ಸೀಮೆಯ ದಂಗೆಯಲ್ಲಿ ಸಂಬಳವಿಲ್ಲದೆ, ತಾವಾಗಿಯೇ ಬಂದು ಸೇರಿದ ಕಾಲಾಳುಗಳ ಪಡೆಯ ಬಗ್ಗೆ ಪುಸ್ತಕ ಬರೆಯುವ ಹುಚ್ಚು. ಅದು ಬರೀ ಪರದೇಶದವರ ಮೇಲಿನ ಕಾಳಗವಾಗಿರಲಿಲ್ಲ. ಬ್ರಿಟಿಷ್ ಕುಂಪಣಿಯ ಕಡೆಯೂ ನಮ್ಮವರೇ ಇದ್ದರು. ಅಣ್ಣ ಇತ್ತ, ತಮ್ಮ ಅತ್ತ.

ನಂದಗಡದಾಚೆಯ ಹಳ್ಳಿಯ ಕುರಿಗಾರ ಕಲ್ಲಪ್ಪ ಕಾಕಾ ಅವರ ಮನೆತನಕ್ಕೆ ಅದರ ಕಲೆ ಇನ್ನೂ ಅಂಟಿತ್ತು. ಅವರ ಪೂರ್ವಜ ಭರಮಪ್ಪ ಪಡೆಯ ಅಡಗುತಾಣವನ್ನು ವೈರಿಗೆ ತೋರಿಸಿಕೊಟ್ಟನೆಂದು ಊರ ಮಾತು. ಜಗಳವಾದರೆ ಕಾಕಾನ ಮಕ್ಕಳನ್ನು ಈಗಲೂ ‘ಕುಂಪಣಿ ಮಂದಿ’ ಎಂದು ಹಂಗಿಸುತ್ತಾರೆ.

“ಸುಳ್ಳರೀ ಸರ್. ನಮ್ಮ ಹಿರ್ಯಾ ಓಗೊಟ್ಟಾಂವ,” ಎನ್ನುತ್ತಿದ್ದರು ಕಾಕಾ.

ಪಡೆಗೆ ಸೇರುವ ರೀತಿಯೇ ಹಾಗಿತ್ತಂತೆ. ಕಾಡಿನ ಬಯಲಿನಲ್ಲಿ ನಿಂತು ಹೆಸರು ಹಿಡಿದು ಕೂಗುವುದು. ‘ಓ’ ಎಂದವನು ಪಡೆಯವನು. ಪ್ರಾಣ ಹೋದರೂ ಹಿಂದೆ ಸರಿಯುವಂತಿಲ್ಲ.

ಒಂದು ಮಧ್ಯಾಹ್ನ ಅವರು ನನ್ನನ್ನು ಆ ಬಯಲಿಗೆ ಕರೆದೊಯ್ದರು. ಹೇಗೆ ಕೂಗುತ್ತಿದ್ದರು, ತೋರಿಸಿ ಎಂದೆ.

“ಸತ್ತವ್ರನ್ನ ಹೆಸರ ಹಿಡದು ಕರೀಬಾರದ್ರೀ.”

“ಹಂಗಾರ ನನ್ನ ಹೆಸರs ಕರೀರಿ ಕಾಕಾ.”

“ನಿಮ್ಮನ್ನs? ಓ ಅನ್ನೂಕಿಂತ ಮೊದಲs ಬೆಳಗಾವಿ ಬಸ್ ಹತ್ತತೀರಿ ನೀವು!” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ರುಮಾಲು ಸರಿಪಡಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಉಸಿರೆಳೆದುಕೊಂಡರು.

ಎಡಗಡೆಯ ಮರಗಳ ನಡುವಿನಿಂದ ‘ಓ’ ಎಂದು ಕೇಳಿಸಿತು. ಗಂಡಸಿನ ದನಿ. ಜೋರಾಗಿಯೇನೂ ಇರಲಿಲ್ಲ; ಮನೆಯ ಒಳಗಿದ್ದವರು ಓಗೊಟ್ಟ ಹಾಗೆ.

ಕಾಕಾನ ಕೈ ಬಾಯಿಯ ಹತ್ತಿರವೇ ಉಳಿಯಿತು. “ನಾ ಇನ್ನೂ ಕರದs ಇಲ್ಲಲ್ರೀ ಸರ್...”

ಹೋಗಿ ನೋಡಿದೆವು. ಯಾರೂ ಇರಲಿಲ್ಲ. ಕಾಕಾ ಅಲ್ಲೇ ಕುಳಿತು ಅತ್ತರು. “ಓ ಬಂತಲ್ರೀ. ಇನ್ನರ ಬರೀತೀರಿಲ್ಲೋ?”

ಅವರು ಮೊದಲೇ ಕೂಗಿದ್ದರು, ನಾನು ಕೇಳಿದ್ದು ಆ ಕೂಗಿನ ಕೊನೆಯ ಮಾರ್ದನಿ, ನನ್ನ ನೆನಪು ಅವೆರಡನ್ನು ಅದಲುಬದಲು ಮಾಡಿದೆ ಎಂದುಕೊಂಡು ನೋಡಿದ್ದೇನೆ. ಆದರೆ ಇಬ್ಬರ ನೆನಪೂ ಒಂದೇ ರೀತಿ ತಪ್ಪುತ್ತದೆಯೇ?

ಪುಸ್ತಕದಲ್ಲಿ ಭರಮಪ್ಪನ ಅಧ್ಯಾಯ ಅರ್ಧಕ್ಕೇ ನಿಂತಿದೆ. ಅವನು ದ್ರೋಹಿ ಎಂದು ಬರೆಯಲು ಕೈ ಏಳುವುದಿಲ್ಲ, ಅಲ್ಲವೆನ್ನಲು ಆಧಾರವಿಲ್ಲ. ಕಾಕಾ ಫೋನ್ ಮಾಡಿದಾಗಲೆಲ್ಲ, “ಖರೇ ಹೇಳ್ರಿ, ನೀವೂ ಕೇಳಿದ್ರಿಲ್ಲೋ?” ಎನ್ನುತ್ತಾರೆ. ಕೇಳಿದೆ ಎನ್ನುತ್ತೇನೆ.

ಅಂದು ಅವರು ಕರೆಯಲಿದ್ದದ್ದು ಯಾರ ಹೆಸರನ್ನು, ಭರಮಪ್ಪನದೋ ನನ್ನದೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇಂದಿಗೂ ಬಂದಿಲ್ಲ.