ಎಡಗೆನ್ನೆಯ ನಾಲ್ಕು ಗೆರೆಗಳು

1982ರ ಗೌರಿ ಹಬ್ಬದ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪಣಕಹಳ್ಳಿಯ ಶಾಂತಮಲ್ಲಮ್ಮ ಒಲೆಯ ಮುಂದೆ ಕೂತು ಎಡಗೆನ್ನೆಗೆ ಅರಿಸಿನ ಬಳಿಯುತ್ತಿದ್ದಳು. ಗೆಟ್ಟವಾಡಿಯ ಬಸ್ಸು ಬರುವ ಹೊತ್ತದು. ಬಾಗಿನ ಹೊತ್ತು ಅಣ್ಣಂದಿರಿಬ್ಬರು ಇಳಿಯುವವರಿದ್ದರು. ಎರಡನೆಯ ಹೆರಿಗೆಯಾದ ಮೇಲೆ ಆ ಕೆನ್ನೆಯ ಚರ್ಮದಡಿ ಕೆಂಪು, ನೀಲಿ ನರಗಳು ಎದ್ದುಬಿಟ್ಟಿದ್ದವು. ನಾಲ್ಕು ಗೆರೆ, ಒಂದರ ಪಕ್ಕ ಒಂದು, ಕಿವಿಯ ಕಡೆಗೆ ಓರೆಯಾಗಿ. ನೋವಿಲ್ಲ, ತುರಿಕೆಯಿಲ್ಲ. ಆದರೆ ನೋಡಿದವರಿಗೆ ಬೆರಳು ಮೂಡಿದ ಹಾಗೇ ಕಾಣುತ್ತಿತ್ತು.

ಹಿರಿಯಣ್ಣ ಷಡಕ್ಷರಿ ಬಾಗಿನದ ಮೊರ ಕೆಳಗಿಟ್ಟವನೇ ಅವಳ ಗಲ್ಲ ಹಿಡಿದೆತ್ತಿ ಹೆಬ್ಬೆರಳಿನಿಂದ ಅರಿಸಿನ ಒರೆಸಿದ.

“ಯಾರವ್ವಾ ಒಡ್ದೋರು?”

“ಯಾರೂ ಒಡ್ದಿಲ್ಲ ಕಣಣ್ಣಾ. ಏನೂ ಆಗಿಲ್ಲ, ಬುಡು.”

“ಗಂಡನ ಕೈಲಿ ಒದೆ ತಿಂದಿದ್ದ ನಮ್ ಮಂಗಳತ್ತೆನೂ ಇಂಗೇ ಅಂದಿದ್ಲು, ಏನೂ ಆಗಿಲ್ಲ ಅಂತ. ಮಾರನೇ ದಿನ ಬಾವಿಯಿಂದ ಎತ್ತುದ್ವಿ.”

ಹೊಡೆಸಿಕೊಂಡ ತಂಗಿಯರೆಲ್ಲ ಹೇಳುವುದು ಅದೇ ಮಾತು. ನಿಜ ಹೇಳಲು ಶಾಂತಮಲ್ಲಮ್ಮನಿಗೆ ಬೇರೆ ಮಾತಿರಲಿಲ್ಲ.

ಗಂಡ ಪುಟ್ಟಬಸಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಮೈ ಉಜ್ಜುತ್ತಿದ್ದ. “ಬನ್ನಿ ಬಾವ” ಎಂದು ತಿರುಗುವಷ್ಟರಲ್ಲಿ ಕಿರಿಯಣ್ಣ ಶಿವಮಲ್ಲಪ್ಪ ಅವನನ್ನು ಗೋಡೆಗೆ ಒತ್ತಿ ಹಿಡಿದ. ಷಡಕ್ಷರಿ ನೊಗದ ಗೂಟ ಕಿತ್ತುಕೊಂಡ. ಮೊದಲ ಏಟು ಭುಜಕ್ಕೆ. ಎರಡು, ಮೂರು ಪಕ್ಕೆಗೆ. ನಾಲ್ಕನೆಯದಕ್ಕೆ ತುಟಿ ಸೀಳಿ ಹಲ್ಲೊಂದು ಸಗಣಿಯ ಮೇಲೆ ಬಿತ್ತು. ಎತ್ತು ಹಗ್ಗ ಜಗ್ಗಿ ಒದೆಯತೊಡಗಿತು. ಅಡ್ಡ ಬಂದ ತಂಗಿಯನ್ನು ಷಡಕ್ಷರಿ ಒಂದೇ ಕೈಯಲ್ಲಿ ದೂಡಿದ. ಕಲ್ಲುಬಾನಿಗೆ ತಲೆ ಬಡಿದು ಅವಳು ಕುಸಿದಳು. ಕಾಲು ಏಳಲಿಲ್ಲ, ಬಾಯಿ ಮಾತ್ರ ಕೂಗಿತು.

“ಅವ ಎಡಚ ಕಣಣ್ಣಾ! ಎಡಚ!”

ಎಡಗೈಯವನು ಎದುರು ನಿಂತು ಹೊಡೆದರೆ ಗುರುತು ಬಲಗೆನ್ನೆಯಲ್ಲಿರಬೇಕು. ಗೂಟ ಹಿಡಿದವನಿಗೆ ಅಷ್ಟು ಯೋಚಿಸಲು ಪುರುಸೊತ್ತಿರಲಿಲ್ಲ. ಕೂತಲ್ಲೇ ಅವಳು ಒಂದೊಂದು ಏಟನ್ನೂ ಎಣಿಸಿದಳು. ಕೊನೆಯದು, ಗಂಡ ತಡೆಯಲು ಎತ್ತಿದ ಎಡ ಮಣಿಕಟ್ಟಿಗೆ ಬಿತ್ತು. ಒಣಗಿದ ಜೋಳದ ದಂಟು ಮುರಿದಂಥ ಸದ್ದು.

ಮೂಳೆ ಸೊಟ್ಟಗೆ ಕೂಡಿತು. ಪುಟ್ಟಬಸಪ್ಪ ಬಲಗೈಯಲ್ಲಿ ರಾಗಿ ಕೊಯ್ಯುವುದನ್ನು ಕಲಿತ. ಕೆಟ್ಟ ಹೆಸರನ್ನು ಸರಿಮಾಡುವುದು ಮಾತ್ರ ಅವನಿಂದಾಗಲಿಲ್ಲ. ತಾಳವಾಡಿ ಸಂತೆಯಲ್ಲಿ ಹೆಂಗಸರು ಅವಳ ಕೆನ್ನೆ ನೋಡಿ ಅವನ ಕಡೆ ಉಗಿಯುತ್ತಿದ್ದರು. “ಅಷ್ಟು ಏಟು ತಿಂದ್ರೂ ಬುದ್ಧಿ ಬಂದಿಲ್ವಲ್ಲಾ ಇವನ್ಗೆ!” ಅವನು ಹೆಂಡತಿಯ ಜೊತೆ ಬಸ್ಸು ಹತ್ತುವುದನ್ನೇ ಬಿಟ್ಟ. ಆ ಗೆರೆಗಳು ಇರುವವರೆಗೆ ಗಂಡನ ಹೆಸರು ತಿಳಿಯಾಗದು ಎಂಬುದು ಅವಳಿಗೆ ಖಚಿತವಾಯಿತು.

1987ರಲ್ಲಿ ಸತ್ಯಮಂಗಲದ ಡಾಕ್ಟರೊಬ್ಬರು ಮದರಾಸಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಲೇಸರ್ ಯಂತ್ರವಿತ್ತು. ಈ ಸಲ ಗಂಡನನ್ನು ಎಳೆದುಕೊಂಡೇ ಹೋದಳು. ದಿಂಬಂ ಘಾಟಿ ಇಳಿದು ಈರೋಡಿನಲ್ಲಿ ರೈಲು ಹತ್ತಿದರು. ಅವಳ ಕಣ್ಣು ಮುಚ್ಚಿ ಕಟ್ಟಿ, ಡಾಕ್ಟರು ಯಂತ್ರದ ಕಾಲುಗುಂಡಿ ಒತ್ತಿದರು. ನೀಲಿ ಹಸಿರು ಬೆಳಕು ಚರ್ಮ ದಾಟಿ ನರದೊಳಗಿನ ರಕ್ತವನ್ನು ಕಾಯಿಸುತ್ತದೆ. ರಕ್ತ ಹೆಪ್ಪುಗಟ್ಟಿ ನರ ಮುಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಕುದಿವ ಎಣ್ಣೆಯ ಹನಿ ಸಿಡಿದಂತೆ. ಸುಟ್ಟ ಕೂದಲಿನ ವಾಸನೆ. ನೋಯುತ್ತಿದೆಯಾ ಎಂದು ನರ್ಸಮ್ಮ ತಮಿಳಿನಲ್ಲಿ ಕೇಳಿದಳು. ಗಂಡನ ಸೊಟ್ಟ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, “ಇಲ್ಲೆ” ಎಂದಳು.

ಹಾಗೆ ಮೂರು ಸಲ ಹೋಗಿ ಬಂದಳು. ಕರಿ ಹಕ್ಕಳೆ ಉದುರಿತು. ಗೆರೆಯಿದ್ದಲ್ಲಿ ತೆಳು ಬಿಳಿ ಕಲೆ ಉಳಿಯಿತು, ಹತ್ತಿರ ಬಂದವರಿಗಷ್ಟೇ ಕಾಣುವಂಥದು.

1988ರ ಗೌರಿಗೆ ಷಡಕ್ಷರಿ ಬಾಗಿನ ತಂದ. ಜಗಲಿಯಲ್ಲಿ ನೆರೆಯವರು ಕೂತಿದ್ದರು, ಪುಟ್ಟಬಸಪ್ಪನೂ ಇದ್ದ. ತಂಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಷಡಕ್ಷರಿ ಜೋರಾಗಿ ನಕ್ಕ.

“ನೋಡುದ್ರಾ? ಅವತ್ತು ನಾವು ಕೊಟ್ಟ ಮದ್ದು ಈಗ ಇಡೀತು. ಬಾವ ಒಡಿಯೋದ ಬುಟ್ಟವ್ನೆ!”

ಜಗಲಿಯೆಲ್ಲ ನಕ್ಕಿತು. ಪುಟ್ಟಬಸಪ್ಪ ಒಳಗೆ ಹೋಗಲು ಎದ್ದ. ಶಾಂತಮಲ್ಲಮ್ಮ ಅವನನ್ನು ತಡೆದು, ಆ ಎಡಗೈಯನ್ನು ಎಳೆದು ಅಣ್ಣನ ಅಂಗೈಯಲ್ಲಿಟ್ಟಳು.

“ಇಡ್ಕೊಂಡು ನೋಡಣ್ಣಾ. ಈ ಕೈ ನನ್ ಕೆನ್ನೆಗೆ ಒಂದ್ ಸಲನೂ ಬಿದ್ದಿಲ್ಲ. ಅದು ನರ. ಮದರಾಸಲ್ಲಿ ಸುಡುಸ್ಕಂಡು ಬಂದಿವ್ನಿ. ನೀನು ಒಡ್ದುದ್ದ ಮಾತ್ರ ಕೂತು ಎಣಿಸಿವ್ನಿ.”

ಸೊಟ್ಟ ಮೂಳೆ ಬೆರಳಿಗೆ ಸಿಕ್ಕಿದ್ದೇ ಷಡಕ್ಷರಿಯ ನಗು ನಿಂತಿತು.

“ಎಷ್ಟು?” ಎಂದ, ಮೆಲ್ಲಗೆ.

ಜಗಲಿಗೆಲ್ಲ ಕೇಳುವಂತೆ ಅವಳು ಹೇಳಿದಳು: “ಅನ್ನೊಂದು ಏಟು.”