ಹೆಣ್ಣುಕುದುರೆಯ ಸೋದರಮಾವಂದಿರು

ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: ‘ಮಾಮಾಗೆ ಖಾತ್ರಿ ಅಂದೆ.’ ನನ್ನ ನೆನಪು ಬೇರೆ ಹೇಳುತ್ತದೆ. ನಾನು ‘ಇರಬಹುದು’ ಎಂದಿದ್ದೆ, ಸೇಡಂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು ಹಾಗಲ್ಲದೆ ಮತ್ತೆ ಹೇಗೆ ಮಾತಾಡಿಯಾಳು? ಎರಡರಲ್ಲಿ ಒಂದು ಸುಳ್ಳು.

ಮಾಮಾ ಅಂದರೆ ಅವ್ವನ ತಮ್ಮ. ಹೈದರಾಬಾದಿನ ರೇಸು ಕುದುರೆಗಳ ಲಾಯದಲ್ಲಿ ಅವನಿಗೆ ಕೆಲಸ: ಮೈ ತಿಕ್ಕುವುದು, ಮೇವು ಹಾಕುವುದು, ನಸುಕಿನಲ್ಲಿ ಲಗಾಮು ಹಿಡಿದು ಅಡ್ಡಾಡಿಸುವುದು. ಆಗ ಅವನ ಕೈಯಲ್ಲಿ ಮೂರು ವರ್ಷದ ಕಂದು ಹೆಣ್ಣುಕುದುರೆಯೊಂದಿತ್ತು. ಮೂರು ಸಲ ಹನ್ನೆರಡು ನೂರು ಮೀಟರ್ ಓಡಿ, ಮೂರು ಸಲವೂ ಹಿಂದೆ ಬಿದ್ದಿತ್ತು. ಶಹಾಬಾದಿನಲ್ಲಿ ಬಳಗದವರ ನಿಶ್ಚಿತಾರ್ಥಕ್ಕೆ ಬಂದವನು, ಸಂಜೆ ವಾಡಿಯ ನಮ್ಮ ಮನೆಯಲ್ಲಿ ಕುಳಿತು ಮೊಬೈಲನ್ನು ನನ್ನ ಮುಂದೆ ಹಿಡಿದ.

“ಇದೇ ಕಡೀ ಸಲ ಅಂತವ್ವಾ. ಮತ್ತ ಹಿಂದ ಬಿದ್ರ ಮಾರಿಬಿಡ್ತಾರ. ಮದಿವಿ ಮೆರವಣಿಗಿಗೆ ಕುದುರಿ ಕೊಡಾಂವ ಒಬ್ಬ ಆಗ್ಲೇ ಬಂದು ನೋಡಿಹೋಗ್ಯಾನ. ಬಕೆಟ್ ಬಿದ್ರ ನಡಗ್ತಾಳ ಆಕಿ. ಪಟಾಕಿ, ಬ್ಯಾಂಡಿನ ನಡುವ ಹ್ಯಾಂಗ ಬದುಕ್ತಾಳ?”

ನಾಳೆ ಹನ್ನೊಂದರೊಳಗೆ ಓಟಕ್ಕೆ ಹೆಸರು ಕೊಡಬೇಕು. ಮತ್ತೆ ಹನ್ನೆರಡು ನೂರೋ, ಎರಡು ಸಾವಿರವೋ? ತರಬೇತುದಾರರು ಮಾಮಾನ ಅಭಿಪ್ರಾಯ ಕೇಳಿದ್ದರು. ಮಾಮಾ ನನ್ನನ್ನು ಕೇಳುತ್ತಿದ್ದ.

ಮೊಬೈಲಿನಲ್ಲಿದ್ದದ್ದು ಕುದುರೆಯ ವಂಶಾವಳಿಯ ಹಾಳೆ. ಮೇಲೆ ತಂದೆ, ತಾಯಿ, ಅಜ್ಜ, ಅಜ್ಜಿಯರ ಕವಲು. ಕೆಳಗೆ ಸಣ್ಣಕ್ಷರದ ಎರಡು ಪ್ಯಾರಾ. ತಂದೆ ಗೆದ್ದದ್ದೆಲ್ಲ ಹನ್ನೆರಡು ನೂರರ ಒಳಗೆ. ತಾಯಿ ಒಂದು ಓಟವನ್ನೂ ಓಡಿರಲಿಲ್ಲ.

“ತಾಯಿ ಕಡೀಂದ ಏನೂ ಗೊತ್ತಾಗಲ್ಲ ಮಾಮಾ. ತಂದಿ ನೋಡಿದ್ರ ಗಿಡ್ಡ ಓಟದಾಕಿ.”

“ಆಕಿ ಉಸಿರು ಗಿಡ್ಡ ಇಲ್ಲಲ್ಲ. ಓಡಿ ಬಂದ ಸ್ವಲ್ಪ ಹೊತ್ತಿಗೇ ತಣ್ಣಗ ಆಗ್ತದ.”

“ಉಸಿರು ನೀ ನೋಡು. ಹಾಳ್ಯಾಗ ಇದ್ದದ್ದು ನಾ ಹೇಳೀನಿ.”

“ಆಯ್ತವ್ವಾ ಮೇಡಮ್ಮಾ. ಓದಿದಾಕಿ ನೀ,” ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಹಾಳೆಯ ಫೋಟೊ ನನಗೂ ಕಳಿಸಿದ.

ಮರುದಿನ ಅವನು ನಸುಕಿನ ರೈಲಿಗೇ ಹೈದರಾಬಾದಿಗೆ ಹೋದ. ನಾನು ಕಾಲೇಜಿಗೆ ಹೊರಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು:

“ಕುದುರಿ ಸಂಬಂಧ ಏನಾತು?”

“ತಾಯಿ ಓಡೇ ಇಲ್ಲವ್ವ. ಏನಂತ ಹೇಳೂದು?”

“ಆಕಿ ಅಣ್ತಮ್ರು ಹ್ಯಾಂಗ?”

“ಯಾರ ಅಣ್ತಮ್ರು?”

“ಕುದುರಿ ತಾಯಿ ಅಣ್ತಮ್ರು. ನಿನ್ನೆ ನಿಶ್ಚಿತಾರ್ಥ ಆದ ಹುಡುಗಿಗಿ ತಾಯಿ ಇಲ್ಲ. ಸೋದರಮಾವಂದಿರನ್ನ ನೋಡೇ ಹೂಂ ಅಂದಿವಿ. ಇಷ್ಟೂ ಕಲಸಲ್ಲೇನು ನಿಮ್ಮ ಯುನಿವರ್ಸಿಟ್ಯಾಗ?” ಎನ್ನುತ್ತ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಫೋಟೊ ಹಿಗ್ಗಿಸಿ, ಹಿಂದಿನ ಸಂಜೆ ಓದದೆ ಬಿಟ್ಟಿದ್ದ ಸಣ್ಣಕ್ಷರ ಓದಿದೆ. ಎರಡನೆಯ ಪ್ಯಾರಾದಲ್ಲಿ ತಾಯಿ ಕಡೆಯ ಅಜ್ಜಿ ಕುದುರೆಯ ಮಕ್ಕಳೆಲ್ಲ ಇದ್ದರು. ಇಬ್ಬರು ಗಂಡು. ಒಬ್ಬ ಎರಡು ಸಾವಿರದ ನಾಲ್ಕು ನೂರು ಮೀಟರ್ ಗೆದ್ದವನು. ಇನ್ನೊಬ್ಬ ಅದಕ್ಕೂ ಉದ್ದದ್ದು.

ವಾಡಿ ಸ್ಟೇಷನ್ನಿನಿಂದ ಫೋನು ಹಚ್ಚಿದೆ. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಚಿತ್ತಾಪುರದಲ್ಲಿ ರಿಂಗಾಯಿತು, ಎತ್ತಲಿಲ್ಲ. ಆಮೇಲೆ ಮತ್ತೆ ವ್ಯಾಪ್ತಿ ಇಲ್ಲ. ಸೇಡಂನಲ್ಲಿ ಇಳಿದಾಗ ಹತ್ತು ಗಂಟೆ. ಮೊದಲ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಹಾಜರಿ ಪುಸ್ತಕದ ಮೇಲಿಟ್ಟ ಮೊಬೈಲು ಮಾತ್ರ ನೆನಪಿದೆ. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ಅವನೇ ಮಾಡಿದ. ವರಾಂಡಕ್ಕೆ ಓಡಿದೆ.

“ಮಾಮಾ, ಎರಡು ಸಾವಿರಕ್ಕ ಹಾಕಸು.”

“ಆಗ್ಲೇ ಹನ್ನೆರಡು ನೂರು ಅಂದೀನಲ್ಲವ್ವಾ!”

“ತಿರುಗಿ ಹೇಳು. ಆಕಿ ಸೋದರಮಾವಂದಿರು ಇಬ್ರೂ ಉದ್ದ ಓಟದವರು. ನಾ ಕೆಳಗಿಂದು ಓದಿರ್ಲಿಲ್ಲ. ತಪ್ಪು ನಂದೇ.”

ಅವನ ಹಿಂದೆ ಯಾವುದೋ ಕುದುರೆ ಕೆನೆಯಿತು.

“ಸಾಹೇಬ್ರ ಮುಂದ ಒಮ್ಮೆ ಹೇಳಿದ್ದು ತಿರಗ್ಸೂದಂದ್ರ… ಇನ್ನೊಮ್ಮೆ ನನ್ನ ಮಾತು ಕೇಳಲ್ಲ ಅವ್ರು. ಖಾತ್ರಿ ಅದೇನು?”

ಇಲ್ಲೇ ಡೈರಿಗೂ ನನಗೂ ಜಗಳ. ಒಂದು ಮರಿಗೆ ತಂದೆಯಿಂದ ಎಷ್ಟು ಬಂತು, ತಾಯಿಯಿಂದ ಎಷ್ಟು ಬಂತು ಎಂದು ಹಾಳೆ ನೋಡಿ ಖಾತ್ರಿ ಹೇಳಲು ಬರುವುದಿಲ್ಲ. ಅದನ್ನೇ ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ‘ಇರಬಹುದು’ ಎಂದಿದ್ದರೆ ಅವನು ತರಬೇತುದಾರರ ಮುಂದೆ ಮತ್ತೆ ಹೋಗಿ ನಿಲ್ಲುತ್ತಿದ್ದನೇ?

ಅವನು ಹೋದ. ಹೆಸರು ಎರಡು ಸಾವಿರಕ್ಕೆ ಬಿತ್ತು.

ಓಟದ ದಿನ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ನೋಡಿದೆ. ಅವ್ವ ಬೆನ್ನು ತಿರುಗಿಸಿ ಕುಳಿತಳು. “ನೀನೇ ಹೇಳು, ನಾ ನೋಡಲ್ಲ.” ಮೊದಲ ಸಾವಿರ ಮೀಟರು ನಮ್ಮದು ಎಲ್ಲರಿಗಿಂತ ಹಿಂದೆ. ತಿರುವಿನಲ್ಲೂ ಹಿಂದೆ.

“ಎಲ್ಲಿ ಅದಾಳ?”

ಮೆರವಣಿಗೆಯ ಜರಿ ಹೊದಿಸಿದ ಕುದುರೆಯೊಂದು ಕಣ್ಣ ಮುಂದೆ ಬಂತು. ಆಮೇಲೆ ಮುಂದಿದ್ದವು ಒಂದೊಂದಾಗಿ ನಿಧಾನವಾಗತೊಡಗಿದವು, ನಮ್ಮದು ಆಗಲಿಲ್ಲ. ಒಂದನ್ನು ದಾಟಿತು. ಮತ್ತೆರಡನ್ನು. ಗೆರೆ ಮುಟ್ಟಿದಾಗ ಮೂರನೆಯದು. ಗೆದ್ದ ಕುದುರೆ ನಿಂತುಬಿಟ್ಟರೂ ಇದು ನಿಲ್ಲದೆ ಓಡುತ್ತಿತ್ತು, ಸವಾರ ಲಗಾಮು ಜಗ್ಗುತ್ತಲೇ ಇದ್ದ.

ಸಂಜೆ ಮಾಮಾನ ಫೋನು ಬಂತು. “ಮಾರೂದಿಲ್ಲಂತ. ಇನ್ನಾ ಉದ್ದದ್ದಕ್ಕ ಹಾಕ್ತಾರಂತ.” ಆಮೇಲೆ ದನಿ ತಗ್ಗಿಸಿದ. “ಈಗ ಖರೇ ಹೇಳು. ಅವತ್ತು ಖಾತ್ರಿ ಖಾತ್ರಿ ಅಂತ ಎರಡೆರಡು ಸಲ ಅಂದೆಲ್ಲಾ, ಇತ್ತೇನು ಖಾತ್ರಿ?”

ಹಾಗಾದರೆ ಡೈರಿಯೇ ಸರಿ.

“ಇರ್ಲಿಲ್ಲ ಮಾಮಾ.”

“ಗೊತ್ತಿತ್ತು ನನಗ,” ಎಂದ. “ನಿನ್ನ ಉಸಿರು ಭಾಳ ಗಿಡ್ಡ ಆಗಿತ್ತು.”