ಎಲ್ಲರೂ ತುಂಬಿಕೊಳ್ಳುವ ಬೋರು

ಹೊಸದಾಗಿ ಅಂಗಡಿ ಇಟ್ಟವರಿಗೆ ನಾನು ಹೇಳುವುದು ಒಂದೇ ಮಾತು: ಗಿರಾಕಿ ಪೂರಾ ಕೇಳುವ ಮೊದಲೇ ಬಾಯಿ ತೆಗೆಯಬೇಡಿ. ತಿಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಾನೇ ಬಾಯಿ ತೆಗೆದಿದ್ದೆ.

ಎಂಬತ್ತರ ದಶಕದ ಒಂದು ಬೇಸಿಗೆ. ಹಾನಗಲ್ಲಿನಲ್ಲಿ ನನ್ನದು ಪೈಪಿನ ಅಂಗಡಿ. ಹೊರದೇಶದ ನೆರವಿನಲ್ಲಿ ಹಾಕಿದ ಕೈಪಂಪಿನ ಬೋರುಗಳಿಗೆ ಸಿಮೆಂಟಿನ ಕಟ್ಟೆ ಕಟ್ಟಿಕೊಡುತ್ತಿದ್ದೆ. ಅದೇ ನೆರವು ಪಡೆದಿದ್ದ ಆಫ್ರಿಕಾದ ಒಂದು ದೇಶದಿಂದ ಅಧಿಕಾರಿ ಹೆಣ್ಣುಮಗಳೊಬ್ಬರು ಬಂದರು. ತಮ್ಮಲ್ಲಿ ಹಾಕಿದ ಬೋರುಗಳ ನೀರು ಯಾರಿಗೆ ಮುಟ್ಟಿದೆ, ಯಾರಿಗಿಲ್ಲ ಎಂದು ಪರೀಕ್ಷಿಸುವುದು ಅವರ ಕೆಲಸ. ನಮ್ಮವನ್ನು ಹೋಲಿಸಿ ನೋಡಲು ಬಂದಿದ್ದರು. ಆ ಹಳ್ಳಿಯ ಬೋರಿನ ಮುಂದೆ, ಊರವರ ನಡುವೆ, ಅವರ ಮಾತನ್ನು ಜೊತೆಗಿದ್ದ ಸರ್ಕಾರಿ ಎಂಜಿನಿಯರರು ಕನ್ನಡದಲ್ಲಿ ಹೇಳುತ್ತಿದ್ದರು.

“ಊರಾಗ ಎಲ್ಲಾರೂ ಇಲ್ಲೇ ತುಂಬ್ತಾರೇನು ಅಂತ ಕೇಳಾಕತ್ತಾರ.”

“ಎಲ್ಲಾರೂ ತುಂಬ್ತಾರ್ರಿ!” ಊರವರಿಗಿಂತ ಮೊದಲು ನಾನೇ ಅಂದೆ. ಬೋರು ಚೆನ್ನಾಗಿ ನಡೆದಿದೆ ಎಂದು ಅವರು ಬರೆದರೆ ಮುಂದಿನ ಹಳ್ಳಿಗಳ ಕಟ್ಟೆಯೂ ನನಗೇ. ಕೆಳಗಿನ ಕೇರಿಯವರು ತಮಗೊಂದು ಬೇರೆ ಬೋರು ಕೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಎಲ್ಲರಿಗೂ ಇಲ್ಲೇ ಸಿಗುವುದಾದರೆ ಅವರಿಗೆ ಇನ್ನೊಂದನ್ನು ಯಾರು ಕೊಟ್ಟಾರು?

ಊಟ ಊರಿನ ವೈಷ್ಣವರ ಮನೆಯಲ್ಲಿ. ನನ್ನ ಮತ್ತು ಎಂಜಿನಿಯರರ ಎಲೆ ಒಳಗೆ ಪಡಸಾಲೆಯಲ್ಲಿ, ಅತಿಥಿಯದು ಹೊರಗೆ ಜಗಲಿಯ ಮೇಲೆ. “ಅಲ್ಲೇ ಗಾಳಿ ಛಲೋ ಬರ್ತದರಿ,” ಅಂದರು ಮನೆಯ ಹಿರಿಯರು. ಆಕೆ ನೀರು ಕೇಳಿದಾಗ ಮನೆಯ ಅಜ್ಜಿ ಲೋಟ ಕೊಡಲಿಲ್ಲ. ಬೊಗಸೆ ಒಡ್ಡಿಸಿ ಮೇಲಿನಿಂದ ಹೊಯ್ದರು. ಆಕೆ ಕುಡಿದು, ನಕ್ಕು, ಏನೋ ಅಂದರು. ಎಂಜಿನಿಯರರು ಎಲೆಯಿಂದ ಮುಖ ಎತ್ತದೆ ನನಗೆ ಹೇಳಿದರು:

“ಇಂಥಾ ಊರು ಅವರ ಕಡೆನೂ ಅದಾವಂತ. ಹಿಂಗ ಬೊಗಸ್ಯಾಗ ಕುಡಿಯೋರು ಇಲ್ಲಿ ನೀರು ಎಲ್ಲಿ ತುಂಬ್ತಾರ, ತೋರಸ್ರಿ ಅಂತಾರ.”

ಕೈ ತೊಳೆದು ಕೆಳಗಿನ ಕೇರಿಯತ್ತ ಮುಂದೆ ನಡೆದೆ.

ಕೇರಿಯ ಆಚೆ ಹಳ್ಳದ ಮರಳಿನಲ್ಲಿ ತೋಡಿದ ವರತೆ. ಅಲ್ಲಿ ನೀರು ಗೋರುತ್ತಿದ್ದ ಹೆಂಗಸಿಗೆ ಅತಿಥಿ ಬೊಗಸೆ ಒಡ್ಡಿದರು. ಆ ಹೆಂಗಸು ಹೊಯ್ಯಲಿಲ್ಲ, ನನ್ನನ್ನು ನೋಡಿದಳು.

“ಏನ್ರಿ ಸಾವ್ಕಾರ್ರ, ಊರಿಗೆ ಬಂದಾರಿಗೆ ಈ ರಾಡಿ ಕುಡಸಾಕ ಕರಕೊಂಡ್ ಬಂದೀರಿ? ನಿಮ್ಮ ಬೋರಿಂದು ಒಂದು ಚರಿಗಿ ತರಸ್ರಿ. ನಾವಂತೂ ಅದನ್ನ ಮುಟ್ಟಂಗಿಲ್ಲ.”

ಏನಂದಳು ಎಂದು ಅತಿಥಿ ಕೇಳಿದರು. ಹೇಳಲೋ ಬೇಡವೋ ಎಂಬಂತೆ ಎಂಜಿನಿಯರರು ನನ್ನತ್ತ ತಿರುಗಿದರು.

“ಇದ್ದಂಗ ಹೇಳ್ರಿ,” ಅಂದೆ. “ಎಲ್ಲಾರೂ ತುಂಬ್ತಾರ ಅಂದಾವ ನಾನ, ಊರವರಲ್ಲ, ಅದನ್ನೂ ಹೇಳ್ರಿ.”